ಬೀ ಖೇರಿಯ ಮೀನುಪುಡಿ ಮತ್ತು ಅಳುವ ಗೋಡೆ

ಲಾಮು ದ್ವೀಪದ ಬೆಕ್ಕಿನ ಹೊಟ್ಟೆಯಲ್ಲಿ ಅರಗದ ವಸ್ತುವನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ನಮ್ಮಜ್ಜನ ಬೆಕ್ಕು ಹಡಗಿನ ಲಂಗರು ನುಂಗಿ, ಬೆಳಗಾಗುವುದರೊಳಗೆ ಮರಳಿನಲ್ಲಿ ಒಂದು ಹಿಡಿ ಮೊಳೆ ಹೂತು ಬಂದಿತ್ತು. ಅಜ್ಜ ಅದೇ ಮೊಳೆ ಹೊಡೆದು ದೋಣಿ ಕಟ್ಟಿದ. ನಂಬದವರು ದೋಣಿಯನ್ನು ಮೂಸಿ ನೋಡಬಹುದು.

ನಮ್ಮ ಓಣಿಯ ಬೆಕ್ಕುಗಳಿಗೆಲ್ಲ ಅನ್ನದಾತೆ ಬೀ ಖೇರಿ. ಮೀನು ಸೀಳುವುದು ಅವಳ ಕಸುಬು; ಕರುಳು, ಕಿವಿರು ಬೆಕ್ಕುಗಳ ಪಾಲು. ಗಂಡನನ್ನು ಕಡಲು ಇಟ್ಟುಕೊಂಡ ಮೇಲೆ ಅವಳ ಬೆನ್ನಿಗೆ ಬೆನ್ನು ತಾಗಿಸಿ ಮಲಗುತ್ತಿದ್ದುದು ಸುಲ್ತಾನಿ ಎಂಬ ಬೂದು ಬೆಕ್ಕೊಂದೇ. ಆದರೆ ತೆಂಕಣ ಗಾಳಿ ಜೋರಾದರೆ ದೋಣಿಗಳು ದಡ ಬಿಡವು, ಹಸಿಮೀನು ಬಾರದು. ಆ ವರ್ಷ ಅವಳು ಒಣಗಿದ ದಗಾ ಎಂಬ ಬೆರಳುದ್ದದ ಮೀನಿಗೆ ಶಾರ್ಕಿನ ಒಣ ತುಂಡು ಸೇರಿಸಿ ಒರಳಲ್ಲಿ ಕುಟ್ಟಿದಳು. ಅದರಲ್ಲಿ ಹಿಟ್ಟಿನ ಒಂದು ಕಣವೂ ಇರಲಿಲ್ಲ.

"ಒಂದ್ ಹಿಡಿ ತಿಂದ್ರೆ ಬೆಕ್ಕು ಹುಲಿ ಆಗುತ್ತೆ, ನೋಡ್ತಿರಿ!"

ತಿಂದವು. ಮೈ ಮಿರುಗಿತು. ಆದರೆ ಅವು ನಡುಹಗಲಲ್ಲಿ ಮಸೀದಿಯ ತೊಟ್ಟಿಯ ಕಟ್ಟೆ ಏರಿ, ಸಾಲಾಗಿ ನೀರಿಗೆ ಮುಖವೊಡ್ಡಿ ಕೂರತೊಡಗಿದವು. ಕುಡಿಯುವುದು, ದಿಟ್ಟಿಸುವುದು, ಮತ್ತೆ ಕುಡಿಯುವುದು. ಓಡಿಸಿದರೂ ಬಾಲ ಅಲುಗದು. ಎಲ್ಲ ಬೆಕ್ಕೂ ಬೆಕ್ಕಲ್ಲ, ಕೆಲವು ಜಿನ್ನುಗಳೆಂಬುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ತೊಟ್ಟಿ ನೋಡಿಕೊಳ್ಳುವ ಶೇ ಎಂಬ ಮುದುಕ ಬೆವತುಹೋದ.

"ನೀರೊಳಗೆ ಯಾರನ್ನೋ ಮಾತಾಡಿಸ್ತಿವೆ ಕಣ್ರೋ. ಮುಚ್ಚಿ, ಎಲ್ಲ ಮುಚ್ಚಿ!"

ತೊಟ್ಟಿಗೆ ಚಾಪೆ ಬಿತ್ತು, ಅದರ ಮೇಲೆ ಕಲ್ಲು. ಮನೆಮನೆಯ ಹಂಡೆಗೂ ಅದೇ ಗತಿ; ಬೆಕ್ಕು ಕಣ್ಣಿಗೆ ಬಿದ್ದಷ್ಟು ಹೊತ್ತು ಯಾರೂ ತೆರೆಯುವಂತಿಲ್ಲ.

ಆಮೇಲೆ ಗೋಡೆ ಅಳತೊಡಗಿತು. ಓಣಿಯ ಕೊನೆಯ ಸೂರಿಲ್ಲದ ಮನೆಯೊಳಗಿಂದ, ಸುಡುವ ಬಿಸಿಲಲ್ಲಿ, ಹಸುಗೂಸಿನ ಅಳು. ಜೊತೆಗೆ ಪರಪರ ಕೆರೆಯುವ ಸದ್ದು. ಶೇ ಬಿರುಕಿನಲ್ಲಿ ಇಣುಕಿದ. ಬೆಕ್ಕುಗಳು ಮರಳಿನಲ್ಲಿ ಬೆನ್ನು ಬಿಲ್ಲಾಗಿಸಿ, ಕಣ್ಣು ಮುಚ್ಚಿ, ಗಡಗಡ ನಡುಗುತ್ತ ಕುಳಿತಿದ್ದವು. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಕಾಣದ ಯಾರಿಗೋ ಅವು ತಲೆಬಾಗುತ್ತಿವೆ ಎಂದು ಅವನು ಓಡಿಬಂದು ಸಾರಿದ.

ಉಬ್ಬರ ಬರುತ್ತಲೇ ಗೋಣಿಯಲ್ಲಿ ತುಂಬಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ದ್ವೀಪಕ್ಕೆ ಬಿಟ್ಟುಬರುವುದೆಂದು ತೀರ್ಮಾನವಾಯಿತು. ಮೊದಲು ಗೋಣಿ ಸೇರಿದ್ದು ಸುಲ್ತಾನಿ.

"ಅಣ್ಣಾ, ಅದು ಸತ್ತುಹೋಗುತ್ತೆ, ಬಿಡಣ್ಣಾ," ಎಂದು ಬೀ ಖೇರಿ ಗೋಣಿ ಹಿಡಿದು ಜಗ್ಗಿದಳು.

"ನಿನ್ ಪುಡೀಲೇ ಏನೋ ಐತೆ ಕಣಮ್ಮ. ಯಾವ ಮಾಟಗಾತಿ ಹೇಳಿಕೊಟ್ಲು?" ಎಂದ ಗೋಣಿ ಹೊತ್ತವನು.

"ಮಾಟಾನಾ? ಇಗೋ, ನಾನೇ ತಿಂತೀನಿ!"

ಬೊಗಸೆ ತುಂಬಿ ಬಾಯಿಗೆ ಸುರಿದುಕೊಂಡಳು. ಪುಡಿ ಗಂಟಲಲ್ಲಿ ಗಾರೆಯಂತೆ ಕೂತಿತು. ನಾಲಿಗೆ ಅಂಗುಳಕ್ಕೆ ಅಂಟಿತು. ಮುಖ ಕಪ್ಪಿಟ್ಟಿತು. ನೀರು, ನೀರು ಎಂದು ಕೈಯಾಡಿಸಿದಳು. ತೊಟ್ಟಿಯ ಮೇಲಿನ ಕಲ್ಲು ಸರಿಸಲು ಒಬ್ಬನಿಗೂ ಧೈರ್ಯವಿಲ್ಲ. ಗೋಣಿಯ ಬಾಯಲ್ಲಿ ಸುಲ್ತಾನಿಯ ತಲೆ ಕಂಡಿತು. ಅದರ ನಾಲಿಗೆಯೂ ಹಾಗೆಯೇ ಒಣಗಿ ವಸಡಿಗೆ ಅಂಟಿತ್ತು.

ಬೀ ಖೇರಿ ಒಂದೇ ಏಟಿಗೆ ಕಲ್ಲನ್ನು ಉರುಳಿಸಿದಳು. ಅವಳು ಕುಡಿದ ರಭಸಕ್ಕೆ ಕಡಲಿನ ಇಳಿತ ಅಂದು ಬೇಗ ಬಂತೆಂದು ಹೇಳುವವರಿದ್ದಾರೆ, ನಾನೂ ಅವರಲ್ಲೊಬ್ಬ. ಆಮೇಲೆ ಬೆಕ್ಕುಗಳು ಕುಡಿದವು. ಹಸಿ ಕರುಳಿನಲ್ಲಿದ್ದ ನೀರು ಪುಡಿಯಲ್ಲಿ ಎಲ್ಲಿಂದ ಬರಬೇಕು? ಪುಡಿ ಅವುಗಳ ಹೊಟ್ಟೆಯಲ್ಲೂ ಗಾರೆಯಾಗಿ ಕಟ್ಟಿಕೊಂಡಿತ್ತು; ಗೋಡೆಯ ಹಿಂದೆ ತಿಣುಕುತ್ತ ಅತ್ತದ್ದು ಅವೇ. ಅವಳು ಪುಡಿಯನ್ನು ನೀರಲ್ಲಿ ಕಲಸಿ ಅಂಬಲಿ ಮಾಡಿ, ಬೇಯಿಸಿದ ಕುಂಬಳ ಹಿಸುಕಿ ಹಾಕಿದಳು. ಮಾರನೆಯ ಹಗಲಿಗೆ ಗೋಡೆಯ ಅಳು ನಿಂತಿತು, ಓಣಿಯ ತುಂಬ ನಾತ ಹಬ್ಬಿತು. ಲಂಗರಿನ ಸಂಗತಿಯನ್ನು ಅಂದಿನಿಂದ ನಾನು ತುಸು ತಗ್ಗಿದ ದನಿಯಲ್ಲಿ ಹೇಳುತ್ತೇನೆ.

ಆದರೆ ಸುಲ್ತಾನಿ ಬಾಯಾರಿಕೆ ತೀರಿದ ಮೇಲೂ ತೊಟ್ಟಿಯ ಕಟ್ಟೆ ಬಿಟ್ಟು ಕದಲಲಿಲ್ಲ. ಗಾಳಿ ನಿಂತ ನೀರಿನಲ್ಲಿ ಅದರ ಮುಖದ ಪಕ್ಕ ಇನ್ನೊಂದು ಮುಖ ಕಂಡೆನೆಂದು ಶೇ ಪಿಸುಗುಟ್ಟಿದ.

"ನೋಡು ಖೇರಿ, ನಾನು ಹೇಳಿರ್ಲಿಲ್ವಾ? ಅದು ಜಿನ್ನೇ."

"ಜಿನ್ನೇ ಆಗಿದ್ರೆ ನಿನ್ ಕಲ್ಲು ತಾನೇ ಎತ್ತಿ ಕುಡೀತಿತ್ತು," ಎಂದಳು ಬೀ ಖೇರಿ. "ಬೆಕ್ಕಿಗೆ ಕೈಯಿಲ್ಲ ಅಂತ ಇಷ್ಟು ವಯಸ್ಸಾದ್ರೂ ನಿಂಗೆ ಯಾರೂ ಹೇಳ್ಲಿಲ್ವಾ?"