ಕೇಳದೆ ಬಿಟ್ಟ ನಾಲ್ಕು ಶೆಡ್ಡು

ಜೂನ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಎಂಟೂವರೆ. ಹೈದರಾಬಾದಿನ ನಾರಾಯಣಗೂಡದ ನಮ್ಮ ಗಲ್ಲಿಯಲ್ಲಿ ಅವ್ವನೂ ನಾನೂ ಮನೆಮನೆಗೆ ಹೋಗಲು ಶುರು ಮಾಡಿದ ಹೊತ್ತು ಅದೆಂದು ನನ್ನ ಡೈರಿಯಲ್ಲಿದೆ. ಕೇಳಿದ್ದು ಒಂದೇ ಮಾತು: ದಿನಾ ಬಾಗಿಲಿಗೆ ಬಂದು ಕಸ ಒಯ್ಯುವ ಆಳನ್ನು ಇಟ್ಟರೆ ತಿಂಗಳಿಗೆ ಎಷ್ಟು ಕೊಡುತ್ತೀರಿ?

ಗಲ್ಲಿಯ ಕಸದ ತೊಟ್ಟಿ, ಉರುಳಿಸಬಹುದಾದ ಸಿಮೆಂಟ್ ಬಳೆ, ನಮ್ಮ ಗೇಟಿಗೆ ಅಂಟಿಕೊಂಡೇ ಇತ್ತು. ಕಂಪ್ಯೂಟರ್ ಕೋರ್ಸಿಗೆ ಬಂದ ಹುಡುಗರಿಂದ ಸುತ್ತಲಿನ ಹಾಸ್ಟೆಲುಗಳು ತುಂಬಿದ ಮೇಲೆ ಅದು ಮಧ್ಯಾಹ್ನಕ್ಕೇ ಉಕ್ಕುತ್ತಿತ್ತು. ಅವ್ವ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿ ಒಳಗೆ ಬರುವಷ್ಟರಲ್ಲಿ ನಾಯಿಗಳು ಎಂಜಲೆಲೆ ಎಳೆದು ತಂದಿರುತ್ತಿದ್ದವು.

ನಮ್ಮದೂ ಸೇರಿ ಹದಿನೇಳು ಮನೆ. ಹನ್ನೆರಡು ಮನೆಯವರು ಮೂವತ್ತು ರೂಪಾಯಿಗೆ ಒಪ್ಪಿದರು, ಐದು ಮನೆಯವರು ಇಪ್ಪತ್ತಕ್ಕೆ.

ಗಲ್ಲಿಯ ಕೊನೆಯಲ್ಲಿ, ಹಳೆ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಜಾಗದಲ್ಲಿ ನಾಲ್ಕು ತಗಡಿನ ಶೆಡ್ಡುಗಳಿದ್ದವು. ಯಾದಗಿರಿ ಕಡೆಯ ಕೂಲಿಯವರು. ಅವರಲ್ಲೊಬ್ಬಳು ಸಂಜೆ ಕೆಲಸ ಬಿಟ್ಟ ಮೇಲೆ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದಳು. ಇಡೀ ಗಲ್ಲಿಯಲ್ಲಿ ಅವ್ವ ಕನ್ನಡದಲ್ಲಿ ಹರಟುತ್ತಿದ್ದುದು ಅವಳೊಬ್ಬಳ ಜೊತೆಗೇ.

"ಅಕ್ಕಾರ, ನಿಮ್ಮ ರೊಟ್ಟಿ ಹೈದ್ರಾಬಾದಿಗೆ ಬಂದು ಹಪ್ಪಳ ಆಗ್ಯಾವ ನೋಡ್ರಿ" ಎಂದು ಅವಳು ಕಾಡಿಸಿದರೆ, "ನಿನ್ನ ಹಲ್ಲಿನ್ಯಾಗ ಐತಿ ದೋಷ" ಎಂದು ಅವ್ವ ನಗುತ್ತಿದ್ದಳು.

ನಾನು ಶೆಡ್ಡುಗಳ ಕಡೆ ಹೊರಟಾಗ ಅವ್ವ ತಡೆದಳು. "ಅವ್ರಿಗೆ ಏನ್ ಕೇಳ್ತಿ? ದುಡದ್ರ ಊಟ, ಇಲ್ಲಂದ್ರ ಇಲ್ಲ. ಬ್ಯಾಡ, ಬಿಡು." ನನಗೂ ಸರಿ ಎನಿಸಿತು.

ಮುಂದಿನ ಭಾನುವಾರ ರೊಕ್ಕ ಕೊಡುವವರೆಲ್ಲ ನಮ್ಮ ವರಾಂಡದಲ್ಲಿ ಸೇರಿದರು. ಆಳು ಗೊತ್ತಾದ. ಅವನು ಕಸ ಸುರಿಯಲು ತೊಟ್ಟಿ ಮಾತ್ರ ಎಲ್ಲಾದರೂ ಇರಲೇಬೇಕಿತ್ತು. ನಮ್ಮ ಗೇಟಿನಲ್ಲಿ ಇನ್ನು ಬೇಡವೆಂದಳು ಅವ್ವ. ಎದುರು ಮನೆಯ ಅಂಕಲ್, ಬೇಕಾದರೆ ಹತ್ತು ಜಾಸ್ತಿ ತಗೊಳ್ಳಿ, ನನ್ನ ಬಾಗಿಲಿಗೆ ಬೇಡ ಎಂದರು. ಒಬ್ಬೊಬ್ಬರೂ ಅದನ್ನೇ ಹೇಳಿದರು. ಕೊನೆಗೆ ಉಳಿದದ್ದು ರೊಕ್ಕ ಕೊಡದವರ ಜಾಗ. ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೂತಿದ್ದಳು.

ತೊಟ್ಟಿ ಶೆಡ್ಡುಗಳ ಮುಂದೆ, ಅವರು ಒಲೆ ಹೂಡುವ ಜಾಗದ ಪಕ್ಕಕ್ಕೆ ಹೋಯಿತು. ನಮ್ಮ ರಂಗೋಲಿ ಸಂಜೆವರೆಗೂ ಉಳಿಯತೊಡಗಿತು. ಅವಳು ಮಾತ್ರ ಕಟ್ಟೆಗೆ ಬರಲಿಲ್ಲ.

ನಾಲ್ಕನೇ ದಿನ ಅವ್ವ ರೊಟ್ಟಿ ಕಟ್ಟಿಕೊಂಡು ತಾನೇ ಹೋದಳು, ಜೊತೆಗೆ ನಾನು. ಅವಳು ಒಲೆಯನ್ನು ಶೆಡ್ಡಿನ ಒಳಗೆ ಒಯ್ದಿದ್ದಳು. ಹೊಗೆಗೆ ಕಣ್ಣು ಕೆಂಪಾಗಿದ್ದವು.

"ಯಾಕ ಬರವಲ್ಲಿ?"

"ಬರ್ತೀನ್ರಿ." ಒಲೆಗೆ ಕಟ್ಟಿಗೆ ತಳ್ಳುತ್ತ ಅಂದಳು: "ಎಲ್ಲಾರ ಮನಿಗೂ ಹೋಗಿ ಕೇಳಿದ್ರಂತ. ನಮಗೂ ಕೇಳಿದ್ರ ಹತ್ತತ್ತು ರೂಪಾಯಿ ಆದ್ರೂ ಕೊಡ್ತಿದ್ವಿ, ಅಕ್ಕಾರ."

"ನಿಮಗ್ಯಾಕ ಭಾರ ಅಂತ..."

"ಭಾರ ಹೌದೋ ಅಲ್ಲೋ, ಅದನ್ನಾದ್ರೂ ಕೇಳಬೇಕಿತ್ತಲ್ರಿ."

ರೊಟ್ಟಿ ತೆಗೆದುಕೊಂಡಳು. ಹಪ್ಪಳದ ಮಾತು ಆಡಲಿಲ್ಲ.

ದಸರೆಗೆ ಮೊದಲೇ ಕಟ್ಟಡ ಮುಗಿದು ಶೆಡ್ಡು ಕಿತ್ತರು. ಮಿಯಾಪುರದ ಕಡೆ ದೊಡ್ಡ ಕೆಲಸಕ್ಕೆ ಹೋದರೆಂದು ವಾಚ್‌ಮನ್ ಹೇಳಿದ. ಅವ್ವ ಎರಡು ಸಲ ಬಸ್ಸು ಹತ್ತಿ ಹುಡುಕಿ ಬಂದಳು. ಅಲ್ಲಿ ಎತ್ತ ನೋಡಿದರೂ ಏಳುತ್ತಿರುವ ಕಟ್ಟಡಗಳು, ಪ್ರತಿಯೊಂದರ ಕೆಳಗೂ ತಗಡಿನ ಶೆಡ್ಡು. ಈಗ ಸಂಜೆ ಅವ್ವ ಕಟ್ಟೆಗೆ ಬಂದು ಕೂರುವುದಿಲ್ಲ.

ಅವಳ ಹೆಸರನ್ನೂ ನಾವು ಕೇಳಿರಲಿಲ್ಲ. ಗದ್ದದ ಮೇಲೆ ಮೂರು ಚುಕ್ಕಿ ಹಚ್ಚೆ, ನಗುವಾಗ ಬಾಯಿಗೆ ಸೆರಗು ಹಿಡಿಯುವ ರೂಢಿ. ಇಂಥವಳನ್ನು ಕಂಡವರು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಬೇಕೆಂದು ಕೋರುತ್ತೇನೆ. ಎಷ್ಟೇ ದೂರವಿರಲಿ, ತಾನೇ ಬಂದು ಕಾಣುತ್ತೇನೆ ಎನ್ನುತ್ತಾಳೆ ಅವ್ವ.