ಜೋಲಿಯ ಕೆಳಗಿನ ಚಳಿ

ಕೊಟ್ಟೂರಿನಲ್ಲಿ ರೋಶನಬಿಯ ಮನೆಯ ತೊಲೆಗಳ ಮೇಲೆ, ಗೂಡುಗಳಲ್ಲಿ, ಬಾಗಿಲ ಸಂದಿನಲ್ಲಿ ಎಲ್ಲೆಂದರಲ್ಲಿ ಅರಳೆಯ ಎಳೆ ಅಂಟಿಕೊಂಡಿರುತ್ತಿತ್ತು. ಗಂಡ ಫಕೀರಸಾಬ ಪಿಂಜಾರ. ಹನ್ನೆರಡನೇ ವಯಸ್ಸಿನಿಂದ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಕೂಡ್ಲಿಗಿ, ಹರಪನಹಳ್ಳಿ ಕಡೆಯ ಊರುಗಳನ್ನೆಲ್ಲ ಸುತ್ತಿದವನು. ಅವನು ಹಿಂಜಿ ಕೊಟ್ಟರೆ ಇವಳು ತುಂಬಿ ಗಾದಿ ಹೊಲಿಯುತ್ತಿದ್ದಳು. ಮಗಳು ಖಾಜಾಬೀಯನ್ನು ಹರಪನಹಳ್ಳಿಗೆ ಮದುವೆ ಮಾಡಿ ಕೊಟ್ಟಾಗಿತ್ತು.

ಸಾವಿರದ ಒಂಬೈನೂರ ಎಪ್ಪತ್ತೇಳರ ಬೇಸಿಗೆಯಲ್ಲಿ ಫಕೀರಸಾಬನಿಗೆ ಉಸಿರು ಕಟ್ಟತೊಡಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬಾವಿಯಿಂದ ಒಂದು ಕೊಡ ನೀರು ತಂದರೂ ಗೋಡೆ ಹಿಡಿದು ನಿಲ್ಲಬೇಕಾಯಿತು. ಅವನನ್ನು ನೋಡಿದ ಡಾಕ್ಟರು ಒಂದೇ ಮಾತು ಹೇಳಿದರು: ಎದೆಯೊಳಗೆ ಹತ್ತಿಯ ಧೂಳು ಕೂತಿದೆ, ಇನ್ನು ಹತ್ತಿಯ ಹತ್ತಿರ ಸುಳಿಯಬಾರದು.

ಹತ್ತಿ ಬಿಟ್ಟರೆ ಆ ಮನೆಯಲ್ಲಿ ಬೇರೇನಿತ್ತು? ಎಷ್ಟು ಗುಡಿಸಿ, ಎಷ್ಟು ಸಾರಿಸಿದರೂ ಸೂರಿನಿಂದ ಧೂಳು ಉದುರುತ್ತಿತ್ತು. ಒಳಗೆ ಮಲಗಿದರೆ ಅವನಿಗೆ ಕೆಮ್ಮು. ನೆಟ್ಟಗೆ ಮಲಗಿದರಂತೂ ಉಸಿರೇ ಆಡುತ್ತಿರಲಿಲ್ಲ. ಕೊನೆಗೆ ರೋಶನಬಿ ಹಳೆಯ ಜಮಖಾನದ ಎರಡು ತುದಿಗೆ ಹಗ್ಗ ಬಿಗಿದು, ಅಂಗಳದ ಬೇವಿನ ಮರಕ್ಕೂ ಕಟ್ಟೆಯ ಕಂಬಕ್ಕೂ ಕಟ್ಟಿ ಜೋಲಿ ಮಾಡಿದಳು. ತಲೆಯ ಕಡೆ ಒಂದು ಗೇಣು ಎತ್ತರ. ಅರ್ಧ ಕೂತಂತೆ, ಅರ್ಧ ಮಲಗಿದಂತೆ ಅದರಲ್ಲಿ ತೂಗಿಕೊಂಡರೆ ಎದೆ ಹಗುರಾಗುತ್ತಿತ್ತು. ಎಷ್ಟೋ ದಿನದ ಮೇಲೆ ಅವನು ಕಣ್ಣು ಮುಚ್ಚಿದ.

ಆದರೆ ಮಾಗಿಯ ಚಳಿ ಬಂತು. ಒಂದು ಬೆಳಗ್ಗೆ ರೋಶನಬಿ ಎಬ್ಬಿಸಲು ಹೋದಾಗ ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

“ಮ್ಯಾಲ ಎಷ್ಟ್ ಹೊದ್ದರೂ ಅಷ್ಟ. ಕೆಳಗಿಂದ ಗಾಳಿ ಬಂದು ಬೆನ್ನು ಕೊರೀತೈತಿ,” ಎಂದ.

ಅವಳು ಜೋಲಿಯೊಳಗೆ ಹಳೆಯ ಸೀರೆಗಳನ್ನು ಪದರಿಸಿ ಹೊಲಿದ ಕೌದಿ ಹಾಸಿದಳು. ಮರುದಿನ ಇನ್ನೊಂದು. ಚಳಿ ಕಡಿಮೆಯಾಗಲಿಲ್ಲ. ಮೂರನೆಯ ಬೆಳಗ್ಗೆ ಫಕೀರಸಾಬ ಕೌದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

“ನನ್ನ ಭಾರಕ್ಕ ಇದು ರೊಟ್ಟಿ ಆಗೈತಿ ನೋಡು. ಹಳೇ ಗಾದಿ ಕಲ್ಲಾದಾಗ ಜನ ನಮ್ಮನ್ನ ಯಾಕ ಕರೀತಿದ್ರು? ಹಿಂಜಿದರ ಒಳಗ ಗಾಳಿ ತುಂಬತೈತಿ, ಆ ಗಾಳೀನ ಬಿಸಿ ಹಿಡಿಯೂದು. ಇದನ್ನ ನನ್ನ ಮೈಯಡಿ ಹಾಸಬ್ಯಾಡ. ಉಬ್ಬಿದ್ದೊಂದು ಗಾದಿ ಮಾಡಿ ಜೋಲಿ ಹೊರಗ, ಕೆಳಗ ಕಟ್ಟು. ಭಾರ ಬೀಳಬಾರದು.”

“ಏನು ತುಂಬಿ ಕಟ್ಟಲ್ರಿ?”

ಊರಿಗೆಲ್ಲ ಬೆಚ್ಚನೆಯ ಗಾದಿ ಕೊಟ್ಟವರಿಗೆ ತುಂಬಲು ಗೊತ್ತಿದ್ದದ್ದು ಹತ್ತಿ ಒಂದೇ.

ಪಕ್ಕದ ಮನೆಯ ದ್ಯಾಮಕ್ಕ ಕುರುಬರವಳು. ಕಂಬಳಿಗೆ ನೂಲು ತೆಗೆಯುತ್ತಿದ್ದಳು. ಕುರಿಯ ಹೊಟ್ಟೆ, ಕಾಲಿನ ಕಡೆಯ ತುಂಡು ಉಣ್ಣೆ ನೂಲಿಗೆ ಬಾರದೆ ಮೂಲೆಯಲ್ಲಿ ಬಿದ್ದಿರುತ್ತಿತ್ತು. ವಿಷಯ ಕೇಳಿ ಒಂದು ಚೀಲ ತಂದು ಸುರಿದಳು.

“ನಾವು ತಿಪ್ಪಿಗಿ ಹಾಕೂದು. ತೊಗೊ ರೋಶನವ್ವ. ಆದರ ಇದರಾಗೂ ಹೊಲಸು ಐತಿ, ಸಾಬಣ್ಣಗ ಆಗಬೇಕಲ್ಲ.”

ರೋಶನಬಿ ಅದನ್ನು ಅಂಟುವಾಳದ ನೀರಿನಲ್ಲಿ ಮೂರು ಸಲ ತೊಳೆದಳು. ಒಣಗಿಸಿ, ಬಿಲ್ಲು ಮುಟ್ಟದೆ ಬೆರಳಿನಲ್ಲೇ ಬಿಡಿಸಿದಳು. ಎರಡು ಪದರ ಹಳೆಯ ಧೋತರದಲ್ಲಿ ತುಂಬಿ, ಉಣ್ಣೆ ಒಂದೇ ಕಡೆ ಜಾರದಂತೆ ಅಗಲಗಲ ಹೊಲಿಗೆ ಹಾಕಿದಳು. ಗಾಳಿ ತಡೆಯಲಿ ಎಂದು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನೂ ಸೇರಿಸಿ ಜೋಲಿಯ ಕೆಳಗೆ ಕಟ್ಟಿದಳು. ಬೆಳಗಾಗುವಷ್ಟರಲ್ಲಿ ಬೆವರು ಹೊರಗೆ ಹೋಗದೆ ಉಣ್ಣೆಯೆಲ್ಲ ತೊಯ್ದಿತ್ತು. ಫಕೀರಸಾಬನಿಗೆ ಜ್ವರ ಬಂತು. ತನ್ನ ಕೈಯಿಂದಲೇ ಹೀಗಾಯಿತೆಂದು ಅವಳು ಆ ದಿನ ಊಟ ಮಾಡಲಿಲ್ಲ. ಹಾಳೆಯನ್ನು ಹರಿದೆಸೆದು ಗೋಣಿತಾಟು ಹಚ್ಚಿದಳು. ಆಮೇಲೂ ಜೋಲಿಗೂ ಅದಕ್ಕೂ ನಡುವೆ ಸಂದು ಬಿದ್ದು ಗಾಳಿ ನುಗ್ಗುತ್ತಿತ್ತು. ಲಂಗಕ್ಕೆ ಹಾಕುವಂತೆ ಎರಡು ತುದಿಗೂ ಲಾಡಿ ಏರಿಸಿ ಬಿಗಿದಾಗ ಅದು ಜೋಲಿಯ ಬೆನ್ನಿಗೆ ಅಂಟಿ ನಿಂತಿತು.

ಮರುದಿನ ಬಿಸಿಲು ಬೇವಿನ ನೆತ್ತಿಗೆ ಬಂದರೂ ಅವನು ಏಳಲಿಲ್ಲ. ರೋಶನಬಿ ಗಾಬರಿಯಿಂದ ಮೂಗಿನ ಹತ್ತಿರ ಕೈ ಹಿಡಿದಳು.

“ಅದೀನಿ, ಸತ್ತಿಲ್ಲ. ಸುಮ್ಮನ ಮಲಕ್ಕೊಳ್ಳಾಕ ಬಿಡು,” ಎಂದ.

ಬೆನ್ನಿನ ಚಳಿ ಹೋಯಿತು, ಹೊಟ್ಟೆಯ ಚಿಂತೆ ಹೋಗಲಿಲ್ಲ. ಒಂದು ದಿನ ರೋಶನಬಿ ಬಿಲ್ಲನ್ನು ತಾನೇ ಹೆಗಲಿಗೆ ಏರಿಸಿದಳು. ಓಣಿಯ ಜನ ನಿಂತು ನೋಡಿದರು. ಹೆಂಗಸು ಬಿಲ್ಲು ಹೊತ್ತು ಊರೂರು ತಿರುಗಿದ್ದನ್ನು ಅವರಾರೂ ಕಂಡಿರಲಿಲ್ಲ.

“ಇಡು ಕೆಳಗ,” ಫಕೀರಸಾಬ ಜೋಲಿಯಿಂದಲೇ ಕೂಗಿದ. “ನನ್ನ ಎದಿ ತಿಂದೈತಿ ಅದು. ನಿನ್ನೂ ತಿಂತೈತಿ.”

“ಮತ್ತ ಏನು ತಿನ್ನೂಣ್ರಿ ನಾವು?”

ಅವಳು ಬಿಲ್ಲು ಇಳಿಸದೆ ಹೊರಟಳು. ಅಂದಿನಿಂದ ಅದೇ ಅವಳ ದುಡಿಮೆಯಾಯಿತು. ಸಂಜೆ ಊರಿಗೆ ಮರಳಿದರೆ ಅವಳು ನೇರ ಹಿತ್ತಲಿಗೆ ಹೋಗಿ, ತಲೆಗೆ ನೀರು ಹಾಕಿಕೊಂಡು, ಸೀರೆ ಬದಲಿಸಿಯೇ ಅಂಗಳಕ್ಕೆ ಬರುತ್ತಿದ್ದಳು. ಒದ್ದೆ ಕೂದಲಲ್ಲಿ ಚಳಿಗೆ ನಡುಗುತ್ತ ಬರುವವಳನ್ನು ಕಂಡು ಅವನ ಕಣ್ಣು ತುಂಬುತ್ತಿತ್ತು. ಆದರೆ ಒಂದು ಎಳೆ ಉಳಿದಿದ್ದರೂ ಅವನಿಗೇ ಕೆಮ್ಮು ಹತ್ತುತ್ತಿದ್ದರಿಂದ ಬೇಡವೆನ್ನಲೂ ಆಗುತ್ತಿರಲಿಲ್ಲ.

ಹೀಗೆ ಇನ್ನೂ ಎರಡು ಮಾಗಿ ದಾಟಿದವು. ಚಳಿಗೆ ಹೆದರಿ ಹೆದರಿ ಕಾದವರಿಗೆ ಸಾವು ಬಂದದ್ದು ಬಿರುಬಿಸಿಲಿನಲ್ಲಿ. ಎಂಬತ್ತರ ಬೇಸಿಗೆಯ ಒಂದು ಮಧ್ಯಾಹ್ನ, ರೋಶನಬಿ ಹಗರಿಬೊಮ್ಮನಹಳ್ಳಿಯ ಒಂದು ಮದುವೆ ಮನೆಯಲ್ಲಿ ಹಿಂಜುತ್ತಿದ್ದಾಗ, ಫಕೀರಸಾಬ ತೀರಿಕೊಂಡ. ಸುದ್ದಿ ತಿಳಿದು ಬಸ್ಸು ಹಿಡಿದು ಬಂದಳು. ಅಂಗಳದ ತುಂಬ ಜನ. ಅವಳು ಯಾರನ್ನೂ ನೋಡದೆ ಹಿತ್ತಲಿಗೆ ಹೋಗಿ ತಲೆಗೆ ನೀರು ಸುರಿದುಕೊಳ್ಳತೊಡಗಿದಳು. ದ್ಯಾಮಕ್ಕ ಓಡಿಬಂದು ಅವಳ ಕೈಯಿಂದ ತಂಬಿಗೆ ಕಿತ್ತುಕೊಂಡಳು.

“ಇನ್ನ ಬ್ಯಾಡವ್ವ. ಹಂಗ ಹೋಗು. ಹತ್ರ ಹೋಗಿ ನೋಡು.”

ಆಗ ರೋಶನಬಿ ಅತ್ತಳು. ಕಡೆಗಾಲದಲ್ಲಿ ಹತ್ತಿರವಿರಲಿಲ್ಲವಲ್ಲ ಎಂಬ ನೋವು ಅವಳನ್ನು ಬಿಡಲೇ ಇಲ್ಲ.

ಗಂಡ ತೀರಿದ ಮೇಲಿನ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವತನಕ ಮನೆಯೊಳಗೇ ಇದ್ದಳು. ಮಗಳು ಖಾಜಾಬೀ ಕರೆದುಕೊಂಡು ಹೋದರೆ ಎಂಟು ದಿನಕ್ಕೇ ಹಿಂದಿರುಗಿದಳು. ಗಾದಿ ಮಾಡಿಸಲು ಬಂದವರಿಗೆ ಬೇರೆ ಓಣಿಯ ಪಿಂಜಾರರ ಮನೆ ತೋರಿಸಿದಳು. ಅವಳಿಗೂ ಆಗಲೇ ಸಣ್ಣಗೆ ಕೆಮ್ಮು ಹತ್ತಿತ್ತು. ದ್ಯಾಮಕ್ಕ ಉಣ್ಣೆ ನೂಲಲು ಕರೆದಾಗ ಹೋದಳು. ಮೊದಲ ದಿನವೇ ಉಣ್ಣೆಯಿಂದ ಧೂಳು ಏಳುವುದನ್ನು ಕಂಡು ಹಳೆಯ ಧೋತರ ಹರಿದು, ಒಂದು ತುಂಡನ್ನು ತನ್ನ ಮೂಗು ಬಾಯಿಗೆ ಕಟ್ಟಿಕೊಂಡು, ಇನ್ನೊಂದನ್ನು ದ್ಯಾಮಕ್ಕನ ಮುಂದೆ ಹಿಡಿದಳು.

“ಇದೇನ ರೋಶನವ್ವ, ಕಳ್ಳರಂಗ!” ದ್ಯಾಮಕ್ಕ ನಕ್ಕಳು.

“ನಗಬ್ಯಾಡ ದ್ಯಾಮಕ್ಕ,” ರೋಶನಬಿ ಅಂದಳು. “ಕಟ್ಟಿಕೊ.”