ಸುಮಿತನ ಹಾವಿಗೆ ಹಾಲು

ಲಂಡನ್ನಿನ ರೇನರ್ಸ್ ಲೇನಿನ ಹೋಟೆಲೊಂದರಲ್ಲಿ ಇಪ್ಪತ್ತಾರು ವರ್ಷ ದೋಸೆ ಹೊಯ್ದ ಪ್ರಫುಲ್ಲಾ ಯಾರಿಗೂ ಹೆದರಿದವರಲ್ಲ. ಬಾಯಿಗೆ ಬಂದಂತೆ ಮಾತಾಡುವ ಗಿರಾಕಿಗಳನ್ನು ಒಂದೇ ನೋಟದಲ್ಲಿ ತೆಪ್ಪಗಾಗಿಸಿದ ಹೆಂಗಸು. ಅಂಥವರು 2014ರ ಬೇಸಿಗೆಯಲ್ಲಿ ಗ್ರೀನ್‌ಫರ್ಡಿನ ತಮ್ಮದೇ ಫ್ಲ್ಯಾಟಿನ ಒಂದು ಕೋಣೆಗೆ ಹೆದರುತ್ತಿದ್ದರು.

ಅದು ಮಗ ಸುಮಿತನ ಕೋಣೆ. ಮಾರ್ಚಿನಲ್ಲಿ ಸೈಕಲ್ಲೇರಿ ಕೆಲಸಕ್ಕೆ ಹೊರಟ ಇಪ್ಪತ್ತಮೂರರ ಹುಡುಗ ಲಾರಿಗೆ ಸಿಕ್ಕಿ ತೀರಿಹೋದ. ಉಳಿದದ್ದು ಗಾಜಿನ ಪೆಟ್ಟಿಗೆಯಲ್ಲಿ ಅವನು ಸಾಕಿದ್ದ ವಿಷವಿಲ್ಲದ ಕೆಂಚು ಹಾವು. ಶನಿವಾರ ಸಂಜೆ ಆರಕ್ಕೆ ಅವನು ಅಂಗಡಿಯಿಂದ ತಂದಿಟ್ಟ ಸತ್ತ ಇಲಿಯೊಂದನ್ನು ಫ್ರೀಜರಿನಿಂದ ತೆಗೆದು, ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಇಕ್ಕಳದಿಂದ ಗಾಜಿಗೆ ಟಕ್ ಟಕ್ ಎಂದು ಎರಡು ಸಲ ತಟ್ಟಿ ಕೊಡುತ್ತಿದ್ದ. ಆಗೆಲ್ಲ ಪ್ರಫುಲ್ಲಾ ಹೋಗಿ ದೇವರ ಮುಂದೆ ಕೂರುತ್ತಿದ್ದರು.

ಗಂಡ ಸದಾನಂದ ಆಮೇಲೆ ಮಗನ ಹೆಸರೆತ್ತಲಿಲ್ಲ. “ಅದನ್ನ್ ಯಾರಿಗಾರೂ ಕೊಟ್ ಬಿಡುವ,” ಎಂದು ಒಮ್ಮೆ ಹೇಳಿದರಷ್ಟೇ.

ಪ್ರಫುಲ್ಲಾ ಒಪ್ಪಲಿಲ್ಲ. ಆ ಕೋಣೆಯಲ್ಲಿ ಇನ್ನೂ ಉಸಿರಾಡುವುದು ಅದೊಂದೇ. ಹಾಗೆಂದು ಇಲಿ ಮುಟ್ಟಲು ಮನಸ್ಸು ಬರಲಿಲ್ಲ. ಕುಂದಾಪುರದಲ್ಲಿ ವರ್ಷವರ್ಷವೂ ನಾಗನ ಕಲ್ಲಿಗೆ ತನು ಎರೆದ ಕೈ ಅದು. ಹಾಲು, ಎಳನೀರು ಬಿಟ್ಟು ಬೇರೇನು ಕೊಟ್ಟು ಗೊತ್ತು? ಬೆಳಿಗ್ಗೆ ಮಿಂದು, ನೀರಿನ ಬಟ್ಟಲು ತೆಗೆದು, ಅಲ್ಲಿ ಹಾಲಿಟ್ಟು ಓಡಿಬರುತ್ತಿದ್ದರು. ಮಾರನೇ ದಿನ ಹಾಲು ತುಸು ಕಡಿಮೆಯಾಗಿರುತ್ತಿತ್ತು. ಪಾಪ, ಅಷ್ಟಕ್ಕೇ ಅವರಿಗೆ ಸಮಾಧಾನ.

ಸದ್ದು ಶುರುವಾದದ್ದು ಮೇ ತಿಂಗಳಲ್ಲಿ. ಶನಿವಾರ ಸಂಜೆ ಆರಕ್ಕೆ, ಮುಚ್ಚಿದ ಕೋಣೆಯೊಳಗಿಂದ ಟಕ್ ಟಕ್. ಪ್ರಫುಲ್ಲಾರ ಕೈಯ ಸೌಟು ಬಿತ್ತು. ಮುಂದಿನ ಶನಿವಾರವೂ ಕೇಳಿಸಿತು, ಅದರ ಮುಂದಿನದೂ. ಗಂಡನಿಗೆ ಹೇಳಲಿಲ್ಲ. ಆದರೆ ಸರಿಯಾಗಿ ಅದೇ ಹೊತ್ತಿಗೆ ಸದಾನಂದ ಟಿವಿಯ ದನಿ ಏರಿಸುವುದನ್ನು ಕಂಡರು.

ಜೂನಿನ ಒಂದು ಶನಿವಾರ ಸದ್ದು ಬಂದಾಗಲೇ ಬಾಗಿಲು ತಳ್ಳಿದರು. ಯಾರೂ ಇರಲಿಲ್ಲ. ಇಕ್ಕಳ ಮೊಳೆಯಲ್ಲೇ ನೇತಾಡುತ್ತಿತ್ತು. ಸುಮಿತ್ ತಟ್ಟುತ್ತಿದ್ದ ಜಾಗಕ್ಕೆ ತಲೆಯಿಟ್ಟು ಹಾವು ಅಲುಗಾಡದೆ ಕಾದಿತ್ತು. ಚರ್ಮ ಸಡಿಲವಾಗಿ ಮಡಿಕೆ ಬಿದ್ದಿತ್ತು, ಬೆನ್ನೆಲುಬು ಎದ್ದು ಕಾಣುತ್ತಿತ್ತು.

ಸೋಮವಾರ ಅದನ್ನು ಟವೆಲಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಪ್ರಾಣಿವೈದ್ಯೆಯ ಬಳಿಗೆ ಒಯ್ದರು. ಹಾಲು ಹಾವಿನ ಆಹಾರವಲ್ಲ, ನೀರು ಸಿಗದೆ ಬಾಯಾರಿ ಕುಡಿದಿದೆ, ಹೀಗೇ ಬಿಟ್ಟರೆ ಹೆಚ್ಚು ದಿನ ಉಳಿಯದು ಎಂದಳು ಆ ಹುಡುಗಿ. ವಾರಕ್ಕೊಂದು ಸಣ್ಣ ಇಲಿ ಕೊಡಲೇಬೇಕು. ನಾಗನನ್ನು ಕೊಂದ ದೋಷ ಮಕ್ಕಳಿಗೆ ತಟ್ಟುತ್ತದೆಂದು ಕೇಳಿ ಬೆಳೆದವರು ಪ್ರಫುಲ್ಲಾ. ಇನ್ನು ತಟ್ಟಲು ಮಕ್ಕಳಿರಲಿಲ್ಲ. ಆದರೂ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಿನಿಂದ ಇಳಿಸಲಿಲ್ಲ.

ಮನೆಗೆ ಬಂದು ಹಾವನ್ನು ಗಾಜಿನ ಪೆಟ್ಟಿಗೆಗೆ ಬಿಟ್ಟವರೇ ಫ್ರೀಜರ್ ತೆರೆದರು. ಇಲಿಗಳ ಡಬ್ಬಿಯ ಮೇಲೆ ‘ಅಮ್ಮ, ಮುಟ್ಟಬೇಡ’ ಎಂದು ಸುಮಿತ್ ಇಂಗ್ಲಿಷಿನಲ್ಲಿ ಬರೆದಿದ್ದ. ಅದನ್ನು ಓದಿ ಅತ್ತರು. ಆಮೇಲೆ ಇರುವುದರಲ್ಲಿ ಸಣ್ಣದನ್ನು ಆರಿಸಿ, ಕಾಫಿ ಮಗ್ಗಿನ ಬಿಸಿನೀರಿಗೆ ಹಾಕಿ, ಮೆತ್ತಗಾದ ಇಲಿಯನ್ನು ಇಕ್ಕಳದಲ್ಲಿ ಹಿಡಿದರು. ಗಾಜಿಗೆ ಎರಡು ಸಲ ತಟ್ಟಿದರು.

ಹಾವು ಮೆಲ್ಲನೆ ತಲೆಯೆತ್ತಿತು.

ಪಡಸಾಲೆಯಲ್ಲಿ ಟಿವಿ ಥಟ್ಟನೆ ನಿಂತಿತು. ಮೂರು ತಿಂಗಳ ಮೇಲೆ ಮೊದಲ ಬಾರಿಗೆ ಸದಾನಂದ ಆ ಹೆಸರು ಹಿಡಿದು ಕರೆದರು.

“ಸುಮಿತ್, ಬಂದ್ಯಾ ಮಗಾ?”

ಹಾವು ಇಲಿಯನ್ನು ಪೂರ್ತಿ ನುಂಗಿದ ಮೇಲೆ ಪ್ರಫುಲ್ಲಾ ಇಕ್ಕಳವನ್ನು ಮೊಳೆಗೆ ತೂಗುಹಾಕಿ, ಗಂಡನನ್ನು ಒಳಗೆ ಕರೆದರು.